ಬೆನ್ನಿನ ಆಪರೇಷನ್ ಆದ ಮೇಲೆ: ಯಾವ ನೋವಿಗೆ ಯಾವ ಮಾತ್ರೆ?

ಔಷಧದ ಅಂಗಡಿಯ ಕೌಂಟರ್ ಹಿಂದೆ ನಿಂತವರಿಗೆ ದಿನಕ್ಕೆ ಹತ್ತು ಸಲವಾದರೂ ಕೇಳಿಸುವ ಮಾತು: “ಇದು ಹಿಡಿಯುತ್ತಿಲ್ಲ, ಇನ್ನೂ ಪವರ್ ಇರುವುದು ಕೊಡಿ.” ಹಾಸನದಲ್ಲಿ ಇಪ್ಪತ್ತೆರಡು ವರ್ಷ ಈ ಮಾತನ್ನು ಕೇಳಿ ಒಳಗೊಳಗೇ ನಕ್ಕವನು ನಾನು. ಸೊಂಟದ ಎಲ್4-ಎಲ್5 ಮೂಳೆಗಳ ನಡುವಿನ ಡಿಸ್ಕ್ ಜಾರಿ ಎಡಗಾಲಿನ ನರವನ್ನು ಒತ್ತಿ, ಮೈಕ್ರೊಡಿಸೆಕ್ಟಮಿ (ಜಾರಿದ ಡಿಸ್ಕಿನ ಚೂರನ್ನು ಸಣ್ಣ ಕೊಯ್ತದಿಂದ ತೆಗೆಯುವುದು) ಮಾಡಿಸಿಕೊಂಡು ಮಲಗಿದ ಮೊದಲ ರಾತ್ರಿ ಅದೇ ಮಾತನ್ನು ನರ್ಸ್‌ಗೆ ನಾನೇ ಹೇಳಿದೆ. ಎರಡು ವರ್ಷದ ನಂತರ ಎಪ್ಪತ್ತೊಂದು ವಯಸ್ಸಿನ ಅಮ್ಮನಿಗೆ ಅದೇ ಜಾಗದಲ್ಲಿ ಫ್ಯೂಷನ್ ಆಯಿತು. ಎರಡು ಮೂಳೆಗಳನ್ನು ಸ್ಕ್ರೂ, ಸರಳು ಹಾಕಿ ಒಂದಾಗಿ ಬೆಸೆಯುವ ಶಸ್ತ್ರಚಿಕಿತ್ಸೆ ಅದು. ನನ್ನ ಮೇಜಿನ ಡ್ರಾಯರಿನಲ್ಲಿ ಐದು ಬಗೆಯ ಮಾತ್ರೆ ಉಳಿದಿದ್ದವು. ಅವುಗಳಲ್ಲಿ ಯೋಚಿಸದೆ ಅಮ್ಮನಿಗೆ ಕೊಡಬಹುದಾದದ್ದು ಒಂದೇ ಒಂದು.

ನೋವಿನ ಮಾತ್ರೆಗಳನ್ನು ಮೆಟ್ಟಿಲಿನಂತೆ ಜೋಡಿಸಿ ನೋಡುವ ಅಭ್ಯಾಸ ನಮಗೆಲ್ಲ ಇದೆ: ಕೆಳಗೆ ಪ್ಯಾರಾಸಿಟಮಾಲ್, ನಡುವೆ ಡೈಕ್ಲೊಫಿನಾಕ್ ಜಾತಿಯವು, ಮೇಲೆ ಟ್ರಮಡಾಲ್, ಮಾರ್ಫಿನ್. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಹೀಗೊಂದು ಏಣಿಯನ್ನು ಕೊಟ್ಟಿತ್ತು ನಿಜ, ಆದರೆ ಅದು ಕ್ಯಾನ್ಸರ್ ನೋವಿಗಾಗಿ. ದಿನ ಕಳೆದಂತೆ ಏರುವ ನೋವಿಗೆ ಹತ್ತುವ ಏಣಿ. ಆಪರೇಷನ್ ನೋವಿನ ದಾರಿ ತಿರುಗುಮುರುಗು. ಮೊದಲ ಎರಡು ಮೂರು ದಿನ ನೆತ್ತಿಗೇರಿ ಆಮೇಲೆ ಇಳಿಯುತ್ತದೆ. ಇಳಿಯುವವನಿಗೆ ಬೇಕಾದ ಲೆಕ್ಕವೇ ಬೇರೆ.

ಚೀಟಿಯಲ್ಲಿರುವುದನ್ನು ನೀವೇ ಬದಲಿಸಿಕೊಳ್ಳಲಿ ಎಂದು ಇದನ್ನು ಬರೆಯುತ್ತಿಲ್ಲ. ಡಿಸ್ಚಾರ್ಜ್ ದಿನ ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು, ಏನನ್ನು ಮರೆಯದೆ ಹೇಳಬೇಕು ಎಂಬುದು ಗೊತ್ತಿರಲಿ ಎಂದು.

ನೋವು ಒಂದಲ್ಲ, ಮೂರು

ಬೆನ್ನಿನ ಆಪರೇಷನ್ ಆದವರ ಮೈಯಲ್ಲಿ ಏಕಕಾಲಕ್ಕೆ ಮೂರು ನೋವು ಇರುತ್ತವೆ. ಕೊಯ್ದ ಜಾಗದ ನೋವು ಒಂದು: ಹೊಲಿಗೆಯ ಸುತ್ತ, ಮುಟ್ಟಿದರೆ ಉರಿ, ಮಗ್ಗುಲು ಬದಲಿಸಿದರೆ ಚುರುಕು. ಎರಡನೆಯದು ಸ್ನಾಯುಗಳ ಹಿಡಿತ. ಮೂಳೆ ತಲುಪಲು ಬೆನ್ನಿನ ಸ್ನಾಯುಗಳನ್ನು ಸರಿಸಿರುತ್ತಾರೆ, ಅವು ಸಿಟ್ಟಿನಲ್ಲಿ ಬಿಗಿದುಕೊಳ್ಳುತ್ತವೆ. ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಸೊಂಟಕ್ಕೆ ಹಲಗೆ ಕಟ್ಟಿದಂತೆ ಅನಿಸುವುದು ಇದರಿಂದ. ಮೂರನೆಯದು ನರದ ನೋವು: ಪೃಷ್ಠದಿಂದ ಪಾದದವರೆಗೆ ಕರೆಂಟ್ ಹೊಡೆದಂತೆ, ಇರುವೆ ಹರಿದಂತೆ, ಬೆಂಕಿ ಸವರಿದಂತೆ. ಒತ್ತಡ ತೆಗೆದ ಕೂಡಲೇ ಕಾಲು ಹಗುರಾಯಿತು ಎನ್ನುವವರು ಬಹಳ. ಆದರೂ ತಿಂಗಳುಗಟ್ಟಲೆ ಒತ್ತಿಸಿಕೊಂಡಿದ್ದ ನರ ಸುಧಾರಿಸಿಕೊಳ್ಳಲು ವಾರಗಳೇ ಬೇಕಾಗಬಹುದು, ಜೋಮು ಇನ್ನೂ ತಡವಾಗಿ ಹೋಗುತ್ತದೆ.

ಒಂದೊಂದು ಮಾತ್ರೆಯೂ ಈ ಮೂರರಲ್ಲಿ ಒಂದೆರಡನ್ನು ಮಾತ್ರ ತಲುಪುತ್ತದೆ. ಕಾಲಿನ ಕರೆಂಟಿಗೆ ಪ್ಯಾರಾಸಿಟಮಾಲ್ ನುಂಗಿ “ಹಿಡಿಯಲಿಲ್ಲ” ಎಂದರೆ ಅದರಲ್ಲಿ ಪವರ್ ಇಲ್ಲವೆಂದಲ್ಲ, ವಿಳಾಸ ತಪ್ಪಿದೆ ಎಂದರ್ಥ. ಆದ್ದರಿಂದ “ನೋವು ಹತ್ತಕ್ಕೆ ಎಷ್ಟು” ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಏಳು, ಎಂಟು ಎಂದಷ್ಟೇ ಹೇಳಬೇಡಿ. ಎಲ್ಲಿ, ಯಾವ ತರಹ, ಏನು ಮಾಡುವಾಗ ಎಂಬುದನ್ನೂ ಸೇರಿಸಿ.

ಪ್ಯಾರಾಸಿಟಮಾಲ್: ಸೌಮ್ಯ, ಆದರೆ ಲೆಕ್ಕ ಬೇಕು

ಡ್ರಾಯರಿನಲ್ಲಿದ್ದ ಆ ಒಂದೇ ಒಂದು ಇದೇ. ಹೊಟ್ಟೆಯನ್ನು ಕೆಡಿಸುವುದಿಲ್ಲ, ಸರಿಯಾದ ಪ್ರಮಾಣದಲ್ಲಿ ಮೂತ್ರಪಿಂಡವನ್ನು ಕಾಡುವುದಿಲ್ಲ, ರಕ್ತಸ್ರಾವ ಹೆಚ್ಚಿಸುವುದಿಲ್ಲ, ಮೂಳೆ ಬೆಸೆಯಲು ಅಡ್ಡ ಬರುವುದಿಲ್ಲ. ಜ್ವರದ ಮಾತ್ರೆ ಎಂದು ಇದನ್ನು ಕಡೆಗಣಿಸುವವರೇ ಹೆಚ್ಚು. ಆದರೆ ನೋವು ಬಂದಾಗ ಒಂದು ಎಂಬಂತಲ್ಲದೆ ಆರು ಅಥವಾ ಎಂಟು ಗಂಟೆಗೊಮ್ಮೆ ತಪ್ಪದೆ ತೆಗೆದುಕೊಂಡಾಗ ಉಳಿದ ಮಾತ್ರೆಗಳ ಅಗತ್ಯವನ್ನೇ ಇದು ಕಡಿಮೆ ಮಾಡುತ್ತದೆ. ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಏರಿಸುವ ನೂರು ಮಿಲಿಲೀಟರಿನ ಪುಟ್ಟ ಬಾಟಲಿಯಲ್ಲೂ ಸಾಮಾನ್ಯವಾಗಿ ಇರುವುದು ಒಂದು ಗ್ರಾಂ ಪ್ಯಾರಾಸಿಟಮಾಲ್. ನಾನು ಪವರ್ ಕೇಳಿದ ರಾತ್ರಿ ನರ್ಸ್ ಏರಿಸಿದ್ದೂ ಅದನ್ನೇ ಎಂದು ಬೆಳಗ್ಗೆ ಚಾರ್ಟ್ ನೋಡಿದಾಗ ತಿಳಿಯಿತು. ಚೆನ್ನಾಗಿ ನಿದ್ದೆ ಬಂದಿತ್ತು!

ಇದರ ಅಪಾಯ ಒಂದೇ, ಯಕೃತ್ತು. ಆರೋಗ್ಯವಂತ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ, ಎಂದರೆ 4000 ಮಿಲಿಗ್ರಾಂ. ಐವತ್ತು ಕಿಲೋಗಿಂತ ಕಡಿಮೆ ತೂಕದವರಿಗೆ, ದಿನವೂ ಕುಡಿಯುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ವೈದ್ಯರು ಅದನ್ನು 2ರಿಂದ 3 ಗ್ರಾಂಗೆ ಇಳಿಸುತ್ತಾರೆ. ಮಿತಿ ಮೀರುವುದು ಆಸೆಯಿಂದಲ್ಲ, ಅದು ಬೇರೆ ಹೆಸರಿನಲ್ಲಿ ಅಡಗಿರುವುದರಿಂದ.

ಒಮ್ಮೆ ಒಬ್ಬರು ಅಣ್ಣನ ಡಿಸ್ಚಾರ್ಜ್ ಚೀಟಿ ಹಿಡಿದು ಬಂದರು. ಮೂರು ಬ್ರಾಂಡ್ ಹೆಸರುಗಳಿದ್ದವು. ಟ್ರಮಡಾಲ್ ಇರುವ ಮಾತ್ರೆ ದಿನಕ್ಕೆ ಮೂರು, ಅದರೊಳಗೆ 37.5 ಮಿಲಿಗ್ರಾಂ ಟ್ರಮಡಾಲ್ ಜೊತೆ 325 ಪ್ಯಾರಾಸಿಟಮಾಲ್. ಅಸೆಕ್ಲೊಫಿನಾಕ್ ಮಾತ್ರೆ ದಿನಕ್ಕೆ ಎರಡು, ಅದರಲ್ಲೂ 325. ಇವೆರಡರ ಮೇಲೆ ಡೋಲೋ 650, ಅದು ಬರೀ ಪ್ಯಾರಾಸಿಟಮಾಲ್, ದಿನಕ್ಕೆ ಮೂರು. ಕ್ಯಾಲ್ಕುಲೇಟರ್ ತೆಗೆದೆ: 975, 650, 1950. ಒಟ್ಟು 3575. ಮಿತಿಯೊಳಗೇ ಇದೆ. ಆದರೆ ಅವರು ಕೌಂಟರ್ ಬಿಡುವ ಮುನ್ನ “ಅಣ್ಣನಿಗೆ ಸ್ವಲ್ಪ ಶೀತ, ಒಂದು ಶೀತದ ಮಾತ್ರೆಯೂ ಕೊಡಿ” ಎಂದರು. ಆ ಮಾತ್ರೆಯಲ್ಲಿ ತಲಾ 500. ದಿನಕ್ಕೆರಡು ನುಂಗಿದರೆ ಒಟ್ಟು 4575. ವೈದ್ಯರಿಗೆ ಫೋನ್ ಮಾಡಿಸಿದೆ, ಡೋಲೋ ನಿಂತಿತು. ಮಾತ್ರೆ ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವುದನ್ನು ಓದಿ, ಕನ್ನಡಕ ಹಾಕಿಕೊಂಡಾದರೂ ಸರಿ.

ಉರಿಯೂತ ತಗ್ಗಿಸುವ ಮಾತ್ರೆಗಳು: ನನಗೆ ಸರಿ, ಅಮ್ಮನಿಗೆ ಅಲ್ಲ

ಜನ ಪೇನ್ ಕಿಲ್ಲರ್ ಎನ್ನುವುದು ಮುಖ್ಯವಾಗಿ ಇವನ್ನೇ: ಡೈಕ್ಲೊಫಿನಾಕ್, ಅಸೆಕ್ಲೊಫಿನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್, ಆಸ್ಪತ್ರೆಯಲ್ಲಿ ಕೀಟೊರೊಲ್ಯಾಕ್ ಇಂಜೆಕ್ಷನ್. ಕೊಯ್ದ ನೋವಿಗೆ, ಊತಕ್ಕೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ತಲೆ ಮಂಪರಾಗುವುದಿಲ್ಲ, ಮಲ ಕಟ್ಟುವುದಿಲ್ಲ. ಮೈಕ್ರೊಡಿಸೆಕ್ಟಮಿ ನಂತರ ನನ್ನ ಚೀಟಿಯಲ್ಲಿ ಐದು ದಿನ ಇದಿತ್ತು, ಜೊತೆಗೆ ಬೆಳಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್. ಎರಡನೆಯದನ್ನು ಜನ “ಗ್ಯಾಸಿನ ಮಾತ್ರೆ, ನನಗೆ ಗ್ಯಾಸ್ ಇಲ್ಲ” ಎಂದು ಬಿಡುತ್ತಾರೆ. ಅದಿರುವುದು ಗ್ಯಾಸಿಗಲ್ಲ, ಜಠರದಲ್ಲಿ ಹುಣ್ಣಾಗದಿರಲಿ ಎಂದು.

ಇನ್ನು ಅಮ್ಮ. ರಕ್ತದೊತ್ತಡಕ್ಕೆ ಅವರು ತೆಗೆದುಕೊಳ್ಳುವ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಜೈಡ್ ಇದೆ. ಇವೆರಡರ ಮೇಲೆ ಉರಿಯೂತದ ಮಾತ್ರೆಯೂ ಬಿದ್ದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಪೆಟ್ಟು: ಒಂದು ದೇಹದ ನೀರನ್ನು ಹೊರಹಾಕುತ್ತದೆ, ಮಿಕ್ಕ ಎರಡು ಸೋಸುವ ಜಾಗದ ರಕ್ತದ ಒತ್ತಡವನ್ನು ಒಳಗೂ ಹೊರಗೂ ತಗ್ಗಿಸುತ್ತವೆ. ಆಪರೇಷನ್ ನಂತರ ನೀರೂ ಸರಿಯಾಗಿ ಕುಡಿದಿರುವುದಿಲ್ಲ. ಮೂತ್ರಪಿಂಡದ ಕೆಲಸವನ್ನು ಅಳೆಯುವ ರಕ್ತಪರೀಕ್ಷೆಯಲ್ಲಿ ಅವರ ಕ್ರಿಯಾಟಿನಿನ್ ಮೊದಲೇ ಸ್ವಲ್ಪ ಏರಿತ್ತು. ಅಲ್ಲಿಗೆ ಮಾತು ಮುಗಿಯಿತು. ಡೈಕ್ಲೊಫಿನಾಕ್ ಮೂತ್ರಪಿಂಡಕ್ಕೆ ಏನು ಮಾಡಬಲ್ಲದು ಎನ್ನುವುದಕ್ಕೆ ಘೋರ ಸಾಕ್ಷಿ ನಮ್ಮ ರಣಹದ್ದುಗಳು. ಈ ಔಷಧ ಕೊಟ್ಟಿದ್ದ ದನಗಳ ಕಳೇಬರ ತಿಂದು ಮೂತ್ರಪಿಂಡ ಕೆಟ್ಟು ಅವು ಸತ್ತವು, 2006ರಲ್ಲಿ ಭಾರತ ದನಕರುಗಳಿಗೆ ಅದನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಬೇಕಾಗಿ ಬಂದದ್ದು ಅವು ಅಷ್ಟು ಕಡಿಮೆಯಾದ ಮೇಲೆ. ಮನುಷ್ಯರ ಮೂತ್ರಪಿಂಡ ಹದ್ದಿನಷ್ಟು ನಾಜೂಕಲ್ಲ, ಹೋಲಿಕೆ ತೀರಾ ಎಳೆಯಬಾರದು. ಆದರೂ ಆ ಮಾತ್ರೆಯನ್ನು ಕಡಲೆಕಾಯಿಯಂತೆ ಕೊಳ್ಳುವವರನ್ನು ಕಂಡಾಗ ನನಗೆ ನೆನಪಾಗುವುದು ಆ ಬೆಟ್ಟವೇ.

ಫ್ಯೂಷನ್ ಆದವರಿಗೆ ಇನ್ನೊಂದು ಪ್ರಶ್ನೆಯಿದೆ, ಮೂಳೆ ಬೆಸೆಯುವುದು. ಈ ಮಾತ್ರೆಗಳು ತಡೆಯುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೊಸ ಮೂಳೆ ಮೂಡುವ ಮೊದಲ ವಾರಗಳಲ್ಲಿ ಬೇಕು. ಫ್ಯೂಷನ್ ನಂತರ ಕೀಟೊರೊಲ್ಯಾಕ್ ಪಡೆದವರಲ್ಲಿ ಮೂಳೆ ಕೂಡದೆ ಉಳಿದದ್ದು ಹೆಚ್ಚು ಎಂದು 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೇಳಿದ ಮೇಲೆ ಅನೇಕ ಶಸ್ತ್ರಚಿಕಿತ್ಸಕರು ಇವನ್ನು ಪೂರ್ತಿ ಕೈಬಿಟ್ಟರು. ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ ಕೊಟ್ಟರೆ ಅಂಥ ತೊಂದರೆ ಕಾಣುವುದಿಲ್ಲ ಎಂದು ಮುಂದಿನ ಅಧ್ಯಯನಗಳು ಸೂಚಿಸಿದವು. ಹಾಗಾಗಿ ಇಂದು ಒಬ್ಬ ವೈದ್ಯರು ಮೂರು ದಿನ ಕೊಡುತ್ತಾರೆ, ಇನ್ನೊಬ್ಬರು ಮೂರು ತಿಂಗಳು ಮುಟ್ಟಬೇಡಿ ಎನ್ನುತ್ತಾರೆ. ಇಬ್ಬರೂ ತಪ್ಪಲ್ಲ. ನಿಮ್ಮ ಮೂಳೆ ಬೆಸೆದವರ ಮಾತನ್ನು ಕೇಳಿ, ಪಕ್ಕದ ಮನೆಯವರ ಚೀಟಿಯನ್ನಲ್ಲ. ಇಷ್ಟು ಚರ್ಚೆ ಮಾಡಿ ಹೊರಗೆ ಬಂದು ಬೀಡಿ ಹಚ್ಚುವವರನ್ನೂ ಕಂಡಿದ್ದೇನೆ. ಮೂಳೆ ಕೂಡದಿರುವುದಕ್ಕೆ ಧೂಮಪಾನದ ಕೊಡುಗೆ ಈ ಮಾತ್ರೆಗಳಿಗಿಂತ ಖಚಿತವಾದದ್ದು.

ಈ ಗುಂಪಿನೊಳಗೇ ಆಯ್ಕೆ ಮಾಡಬೇಕಾದರೆ: ಹೊಟ್ಟೆಯ ಹುಣ್ಣಿನ ಇತಿಹಾಸ ಇರುವವರಿಗೆ, ರಕ್ತಸ್ರಾವದ ಭಯ ಇರುವಲ್ಲಿ ಎಟೊರಿಕಾಕ್ಸಿಬ್, ಸೆಲೆಕಾಕ್ಸಿಬ್ ವಾಸಿ, ಏಕೆಂದರೆ ಅವು ರಕ್ತ ಹೆಪ್ಪುಗಟ್ಟುವ ಕಣಗಳನ್ನು ಕದಡುವುದಿಲ್ಲ. ಆದರೆ ಹತೋಟಿಗೆ ಬಾರದ ರಕ್ತದೊತ್ತಡಕ್ಕೆ ಎಟೊರಿಕಾಕ್ಸಿಬ್ ಸಲ್ಲದು, ಹೃದ್ರೋಗ ಇದ್ದವರಿಗೆ ಡೈಕ್ಲೊಫಿನಾಕ್ ಕೂಡ ಸಲ್ಲದು. ಇಕೋಸ್ಪ್ರಿನ್, ಕ್ಲೊಪಿಡೊಗ್ರೆಲ್ ಅಥವಾ ರಕ್ತ ತೆಳುವಾಗಿಸುವ ಬೇರೆ ಯಾವುದೇ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಎರಡು ಸಲ ಹೇಳಿ.

ಟ್ರಮಡಾಲ್, ಟಪೆಂಟಡಾಲ್, ಮಾರ್ಫಿನ್

ಆಪರೇಷನ್ ಆದ ದಿನ ಕೆಲವು ಆಸ್ಪತ್ರೆಗಳಲ್ಲಿ ಕೈಗೊಂದು ಗುಂಡಿ ಕೊಡುತ್ತಾರೆ. ಒತ್ತಿದರೆ ಪಂಪಿನಿಂದ ಚೂರು ಮಾರ್ಫಿನ್ ಅಥವಾ ಫೆಂಟನಿಲ್ ರಕ್ತನಾಳಕ್ಕೆ ಹೋಗುತ್ತದೆ. ಮತ್ತೆ ಒತ್ತಿದರೂ ನಿಗದಿತ ನಿಮಿಷಗಳವರೆಗೆ ಬರುವುದಿಲ್ಲ. ನರ್ಸ್‌ಗೆ ಕಾಯುವ ಇಂಜೆಕ್ಷನ್‌ಗಿಂತ ಇದು ಹಿತ, ನೋವು ಏರುವ ಮೊದಲೇ ತಡೆಯಬಹುದು. ಇದರ ಸುರಕ್ಷತೆ ಇರುವುದು ಒಂದು ಸರಳ ಸಂಗತಿಯಲ್ಲಿ: ಮಂಪರು ಹೆಚ್ಚಾದರೆ ರೋಗಿ ತಾನಾಗಿ ಒತ್ತುವುದಿಲ್ಲ. ಮಲಗಿದವರ ಪರವಾಗಿ ಮಗಳೋ ಅತ್ತಿಗೆಯೋ ಪ್ರೀತಿಯಿಂದ ಗುಂಡಿ ಒತ್ತಿದರೆ ಆ ಕಾವಲು ಮುರಿಯುತ್ತದೆ, ಉಸಿರೇ ನಿಧಾನವಾಗಬಹುದು.

ಮನೆಗೆ ಬರುವಾಗ ಈ ಜಾತಿಯಿಂದ ಬರುವುದು ಹೆಚ್ಚಾಗಿ ಟ್ರಮಡಾಲ್, ಈಗೀಗ ಟಪೆಂಟಡಾಲ್. ಟ್ರಮಡಾಲ್ ಯಕೃತ್ತಿನಲ್ಲಿ ಬದಲಾದ ಮೇಲೆಯೇ ಪೂರ್ತಿ ಕೆಲಸ ಮಾಡುವಂಥದ್ದು. ಹಾಗೆ ಬದಲಿಸುವ ಕಿಣ್ವ ಎಲ್ಲರಲ್ಲೂ ಒಂದೇ ಸಮ ಇಲ್ಲ. ಒಬ್ಬರಿಗೆ ಒಂದು ಮಾತ್ರೆಗೆ ಲೋಕವೇ ತಿರುಗಿದರೆ ಇನ್ನೊಬ್ಬರಿಗೆ ಎರಡಕ್ಕೂ ಏನೂ ಆಗದು. ಟಪೆಂಟಡಾಲ್‌ಗೆ ಈ ಹಂಗಿಲ್ಲ, ಸಾಮಾನ್ಯವಾಗಿ ವಾಕರಿಕೆ, ಮಲಬದ್ಧತೆಯೂ ಕಡಿಮೆ. ಬೆಲೆ ಹೆಚ್ಚು. ಮೂರ್ಛೆ ರೋಗ ಇದ್ದವರು, ಖಿನ್ನತೆಗೆ ಎಸಿಟಲೊಪ್ರಾಮ್, ಸರ್ಟ್ರಲೀನ್ ಬಗೆಯ ಮಾತ್ರೆ ತೆಗೆದುಕೊಳ್ಳುವವರು ಈ ಎರಡಕ್ಕೂ ಮೊದಲು ವೈದ್ಯರಿಗೆ ಹೇಳಲೇಬೇಕು. ಮಾನಸಿಕ ಆರೋಗ್ಯದ ಮಾತ್ರೆಗಳನ್ನು ಸಂಬಂಧಿಕರ ಮುಂದೆ ಹೇಳಲು ನಾಚಿ ಮುಚ್ಚಿಡುತ್ತಾರೆ. ವೈದ್ಯರ ಬಳಿ ಒಬ್ಬರೇ ಇದ್ದಾಗಲಾದರೂ ಹೇಳಿ, ಎರಡೂ ಸೇರಿದರೆ ನಡುಕ, ಜ್ವರ, ಗಲಿಬಿಲಿಯವರೆಗೆ ಹೋಗಬಹುದು.

2018ರಿಂದ ಟ್ರಮಡಾಲ್ ಮಾದಕ ವಸ್ತು ಕಾಯ್ದೆಯ ಅಡಿಯಲ್ಲಿದೆ. ಚೀಟಿ ಇಲ್ಲದೆ ಕೊಡಲು ನಿರಾಕರಿಸುವ ಅಂಗಡಿಯವನ ಮೇಲೆ ಸಿಟ್ಟಾಗಬೇಡಿ. “ಚಟ ಹತ್ತುತ್ತದೆಯೇ” ಎಂದು ಹೆದರಿ ಮೊದಲ ದಿನಗಳಲ್ಲೂ ಮುಟ್ಟದೆ ಹಲ್ಲು ಕಚ್ಚಿ ಮಲಗುವವರಿದ್ದಾರೆ. ಅದೂ ತಪ್ಪು ಲೆಕ್ಕ. ನೋವಿಗೆ ಹೆದರಿ ಅಲುಗಾಡದೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕಫ ಕಟ್ಟಬಹುದು. ಎದ್ದು ನಡೆಯಲು ಬೇಕಾದಷ್ಟು, ಬೇಕಾದಷ್ಟು ದಿನ ಮಾತ್ರ. ನನಗೆ ನಾಲ್ಕು ದಿನ ಸಾಕಾಯಿತು, ಅಮ್ಮನಿಗೆ ಎರಡು ವಾರ.

ಮಲಬದ್ಧತೆಯ ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಈ ಮಾತ್ರೆಗಳು ಕರುಳನ್ನೇ ಮಲಗಿಸುತ್ತವೆ. ಮೂರನೆಯ ದಿನ ಶೌಚಾಲಯದಲ್ಲಿ ಮುಕ್ಕುವಾಗ ಹೊಲಿಗೆಯ ಜಾಗಕ್ಕೆ ಆಗುವ ನೋವು ಆಪರೇಷನ್ ನೋವನ್ನೇ ಮರೆಸುತ್ತದೆ, ಇದು ಅನುಭವದ ಮಾತು. ಮೊದಲ ಟ್ರಮಡಾಲ್ ಜೊತೆಗೇ ಲ್ಯಾಕ್ಟುಲೋಸ್ ಸಿರಪ್ ಅಥವಾ ಬಿಸಕೊಡಿಲ್ ಅಥವಾ ಸೋನಾಮುಖಿ ಇರುವ ಮಾತ್ರೆ ಬೇಕೇ ಎಂದು ಕೇಳಿ ಬರೆಸಿಕೊಳ್ಳಿ. ಮನೆಯಲ್ಲಿ ಸಿದ್ಧವಾಗಿರುವ ಇಸಬ್ಗೋಲ್ ಇಲ್ಲಿ ಒಳ್ಳೆಯ ಆಯ್ಕೆಯಲ್ಲ. ಅದು ನೀರು ಹೀರಿ ಉಬ್ಬುವ ಹೊಟ್ಟು. ಮಲಗಿರುವ ಕರುಳಿನಲ್ಲಿ, ನೀರೂ ಕಡಿಮೆಯಾದಾಗ, ಉಬ್ಬಿ ಅಲ್ಲೇ ಕೂರುತ್ತದೆ. ಪಪ್ಪಾಯಿ, ಬೇಯಿಸಿದ ಸೊಪ್ಪು, ಬಿಸಿನೀರು ನಡೆಯುತ್ತವೆ, ಆದರೆ ಅವಷ್ಟೇ ಸಾಲುವುದಿಲ್ಲ.

ನರದ ಮಾತ್ರೆ ಎಂದು ಕರೆಯುವುದು

ಪ್ರಿಗಾಬಲಿನ್, ಗಾಬಾಪೆಂಟಿನ್. ನಮ್ಮಲ್ಲಿ ಇವನ್ನು ಮಿಥೈಲ್‌ಕೊಬಾಲಮಿನ್ ಎಂಬ ಬಿ12 ವಿಟಮಿನ್ ಜೊತೆ ಬೆರೆಸಿದ ಮಾತ್ರೆಯಾಗಿ ಕೊಡುವುದು ರೂಢಿ, ಹಾಗಾಗಿ ಜನ ವಿಟಮಿನ್ ಎಂದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯ ಪಾದದ ಉರಿಗೆ ಇವು ಒದಗುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಬೆನ್ನಿನ ವಿಷಯದಲ್ಲಿ ನನ್ನ ಉತ್ಸಾಹ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿದಿದೆ. ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನರದ ನೋವು) ರೋಗಿಗಳಲ್ಲಿ ಪ್ರಿಗಾಬಲಿನ್ ಔಷಧವೇ ಇಲ್ಲದ ಹುಸಿ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ ಎಂದು 2017ರಲ್ಲಿ ಆಸ್ಟ್ರೇಲಿಯಾದ ಪ್ರಯೋಗವೊಂದು ತೋರಿಸಿತು. ಆಪರೇಷನ್ ಸುತ್ತಮುತ್ತ ಎಲ್ಲರಿಗೂ ಇದನ್ನು ಕೊಡುವುದರಿಂದ ನೋವಿನಲ್ಲಿ ಎದ್ದು ಕಾಣುವ ಲಾಭವಿಲ್ಲ ಎಂದು 2020ರ ದೊಡ್ಡ ವಿಶ್ಲೇಷಣೆಯೂ ಹೇಳಿತು. ಆದರೂ ಕಾಲಿನಲ್ಲಿ ನಿಜವಾಗಿಯೂ ಕರೆಂಟ್, ಉರಿ ಉಳಿದವರಲ್ಲಿ ಕೆಲವರಿಗೆ ರಾತ್ರಿ ನಿದ್ದೆ ಕೊಡುತ್ತದೆ. ಅಂಥವರಿಗೆ ಎರಡು ಮೂರು ವಾರ ನೋಡಿ ನಿರ್ಧರಿಸುವುದು ನ್ಯಾಯ. ಕೊಯ್ದ ನೋವಿಗಂತೂ ಇದು ಅಲ್ಲ.

ಅಮ್ಮನ ಚೀಟಿಯಲ್ಲಿ 75 ಮಿಲಿಗ್ರಾಂ ದಿನಕ್ಕೆರಡು ಇತ್ತು. ಎರಡನೆಯ ರಾತ್ರಿ ಬಚ್ಚಲಿಗೆ ಹೊರಟವರು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. “ನೆಲ ತೇಲುತ್ತಿದೆ ಕಣೋ” ಎಂದರು. ಈ ಔಷಧ ಹೊರಹೋಗುವುದು ಮೂತ್ರಪಿಂಡದ ಮೂಲಕ. ಅದು ಮಂದವಾಗಿದ್ದರೆ ಮಾತ್ರೆ ಮೈಯಲ್ಲೇ ಜಮೆಯಾಗುತ್ತದೆ. ಟ್ರಮಡಾಲ್ ಜೊತೆ ಸೇರಿದರೆ ಮಂಪರು ಮಾತ್ರವಲ್ಲ, ಉಸಿರಾಟವೂ ಕುಗ್ಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಸಿತ್ತು. ಬೆಳಗ್ಗೆ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿದೆ, ಅದನ್ನು ರಾತ್ರಿಗೆ ಮಾತ್ರ 50ಕ್ಕೆ ಇಳಿಸಿದರು. ಹೊಸದಾಗಿ ಸ್ಕ್ರೂ ಹಾಕಿದ ಬೆನ್ನಿನ ಮೇಲೆ ಬೀಳುವುದಕ್ಕಿಂತ ಸ್ವಲ್ಪ ಉರಿ ಮೇಲು.

ವಾರಗಟ್ಟಲೆ ತೆಗೆದುಕೊಂಡ ಪ್ರಿಗಾಬಲಿನ್ ಅನ್ನು ಒಂದೇ ದಿನ ನಿಲ್ಲಿಸಬಾರದು, ಹಂತಹಂತವಾಗಿ ಇಳಿಸಬೇಕು.

ಸ್ನಾಯು ಸಡಿಲಿಸುವವು, ಮುಲಾಮುಗಳು

ಥಯೊಕಾಲ್ಚಿಕೊಸೈಡ್, ಕ್ಲೋರ್‌ಜೊಕ್ಸಜೋನ್, ಟಿಜಾನಿಡಿನ್. ಬೆನ್ನು ಹಲಗೆಯಾದಾಗ ಮೂರರಿಂದ ಏಳು ದಿನ ಸಾಕು. ಥಯೊಕಾಲ್ಚಿಕೊಸೈಡ್ ಮಾತ್ರೆಯನ್ನು ಏಳು ದಿನಕ್ಕಿಂತ ಹೆಚ್ಚು ಕೊಡಬಾರದು, ಗರ್ಭಿಣಿಯರಿಗೆ ಕೊಡಲೇಬಾರದು ಎಂದು ಐರೋಪ್ಯ ಔಷಧ ಸಂಸ್ಥೆ 2013ರಲ್ಲಿ ಹೇಳಿದೆ. ನಮ್ಮಲ್ಲಿ ತಿಂಗಳುಗಟ್ಟಲೆ ಬರೆದ ಚೀಟಿಗಳು ಬರುತ್ತವೆ. ಟಿಜಾನಿಡಿನ್ ರಕ್ತದೊತ್ತಡ ಇಳಿಸುತ್ತದೆ, ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಜೊತೆ ಸೇರಲೇಕೂಡದು.

ಬಾಮ್, ಸ್ಪ್ರೇ, ನೋವಿನ ಎಣ್ಣೆ ಯಾವುದನ್ನೂ ಗಾಯದ ಮೇಲೆ, ಅದರ ಸುತ್ತ ಹಚ್ಚಬಾರದು. ಊರಿನಿಂದ ಎಣ್ಣೆ ನೀವುವವರನ್ನು ಕರೆತರುವ ಹಿತೈಷಿ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಕಾಫಿ ಕೊಟ್ಟು ಕಳುಹಿಸಿ.

ಹಾಗಾದರೆ ಯಾರಿಗೆ ಯಾವುದು?

ನಲವತ್ತರ ಆಸುಪಾಸು, ಬೇರೆ ಕಾಯಿಲೆಯಿಲ್ಲ, ಡಿಸ್ಕ್ ಮಾತ್ರ ತೆಗೆದಿದ್ದಾರೆ: ಗಂಟೆಗೆ ಸರಿಯಾಗಿ ಪ್ಯಾರಾಸಿಟಮಾಲ್, ಐದು ದಿನ ಉರಿಯೂತದ ಮಾತ್ರೆ, ತೀರಾ ಬೇಕಾದರೆ ಎಂದು ನಾಲ್ಕಾರು ಟ್ರಮಡಾಲ್. ಒಂದೆರಡು ವಾರದಲ್ಲಿ ಬಹುಪಾಲು ಮುಗಿಯುತ್ತದೆ. ಫ್ಯೂಷನ್ ಆದವರು, ವಯಸ್ಸಾದವರು: ಪ್ಯಾರಾಸಿಟಮಾಲ್ ಬುನಾದಿ, ಮೇಲೆ ಕಡಿಮೆ ಪ್ರಮಾಣದ ಟ್ರಮಡಾಲ್ ಅಥವಾ ಟಪೆಂಟಡಾಲ್, ಮಲಕ್ಕೆ ಸಿರಪ್, ನಾಲ್ಕರಿಂದ ಆರು ವಾರಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ. ಇನ್ನೂ ಆಪರೇಷನ್ ಆಗಬೇಕಿರುವವರು ಅರಿವಳಿಕೆ ವೈದ್ಯರನ್ನು ಒಂದು ಪ್ರಶ್ನೆ ಕೇಳಬಹುದು: ಬೆನ್ನಿನ ಸ್ನಾಯುವಿನ ಪದರದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೀರಾ? 2016ರಲ್ಲಿ ಮೊದಲು ವರದಿಯಾದ ಈ ವಿಧಾನ ಈಗ ಅನೇಕ ಕಡೆ ಇದೆ, ಮೊದಲ ದಿನದ ಮಾರ್ಫಿನ್ ಅಗತ್ಯವನ್ನು ತಗ್ಗಿಸುತ್ತದೆ.

ಚೀಟಿಯಲ್ಲಿ 1-0-1 ಎಂದಿದ್ದರೆ ನೋವಿರಲಿ ಬಿಡಲಿ ಬೆಳಗ್ಗೆ, ರಾತ್ರಿ. ಎಸ್‌ಒಎಸ್ ಎಂದಿದ್ದರೆ ಬೇಕೆನಿಸಿದಾಗ ಮಾತ್ರ. ಅದನ್ನು ದಿನಕ್ಕೆ ಮೂರು ಎಂದು ನುಂಗಿದವರನ್ನು ನೋಡಿದ್ದೇನೆ. ನಡಿಗೆ ಅಥವಾ ಫಿಸಿಯೊಥೆರಪಿಗೆ ಮುಕ್ಕಾಲು ಗಂಟೆ ಮೊದಲು ಮಾತ್ರೆ ಬಿದ್ದರೆ ಅದರ ಪೂರ್ತಿ ಪ್ರಯೋಜನ. ಟ್ರಮಡಾಲ್, ಪ್ರಿಗಾಬಲಿನ್ ನಡೆಯುತ್ತಿರುವಷ್ಟು ದಿನ ಸ್ಕೂಟರ್ ಇಲ್ಲ, ಮದ್ಯವಂತೂ ಇಲ್ಲವೇ ಇಲ್ಲ.

ಯಾವ ಮಾತ್ರೆಯ ಹೋಲಿಕೆಗೂ ಕೂರದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ: ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ತೊಡೆಸಂದಿಯ ಜಾಗ ಮರಗಟ್ಟುವುದು, ಕಾಲಿನ ಶಕ್ತಿ ಹೊಸದಾಗಿ ಕುಸಿಯುವುದು, ಜ್ವರದೊಂದಿಗೆ ಗಾಯ ಸೋರುವುದು, ಮೀನಖಂಡ ಊದಿ ಉಸಿರು ಕಟ್ಟುವುದು. ಇಳಿಯುತ್ತಿದ್ದ ನೋವು ಕಾರಣವಿಲ್ಲದೆ ಮತ್ತೆ ಏರಿದರೂ ಪವರ್ ಹೆಚ್ಚಿಸುವ ಮುನ್ನ ಗಾಯ ತೋರಿಸಿ.

ಬಿಡುವ ಕ್ರಮದಲ್ಲಿ ಮೊದಲು ಹೋಗುವುದು ಟ್ರಮಡಾಲ್ ಜಾತಿ, ಆಮೇಲೆ ಉರಿಯೂತದ್ದು, ನರದ ಮಾತ್ರೆ ಇಳಿಕೆಯ ಮೆಟ್ಟಿಲಲ್ಲಿ, ಕಡೆಗೆ ಪ್ಯಾರಾಸಿಟಮಾಲ್. ಅಮ್ಮನದು ಮುಗಿದಾಗ ಅರ್ಧ ಪಟ್ಟಿ ಟ್ರಮಡಾಲ್ ಉಳಿದಿತ್ತು. ಮಂಡಿನೋವಿನ ಚಿಕ್ಕಮ್ಮನಿಗೆ ಕೊಡೋಣ ಎಂದು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದರು. ಚಿಕ್ಕಮ್ಮ ನಿದ್ದೆಗೆಂದು ಬೇರೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಇಸಿದುಕೊಂಡು, ಪುಡಿ ಮಾಡಿ, ಬೆಳಗಿನ ಕಾಫಿ ಚರಟದಲ್ಲಿ ಕಲಸಿ ಕಸಕ್ಕೆ ಹಾಕಿದೆ. ಅಷ್ಟು ದುಡ್ಡು ಕೊಟ್ಟ ಮಾತ್ರೆ ಎಂದು ಅಮ್ಮ ಎರಡು ದಿನ ಮಾತು ಬಿಟ್ಟರು.